ಗೇಜಿನ ಮೇಲಿನ ಗಂಧ

ಕೊರೊನಾ ಹಾವಳಿ ಮುಗಿದ ಮರುವರ್ಷದ ಮಾತು. ಆಗ ನಾನು ಪುಣೆಯ ಪಕ್ಕದ ಚಾಕಣದಲ್ಲಿ, ವಿದೇಶಿ ಹೆಸರಿನ ಕಾರು ಕಂಪನಿಯೊಂದರ ಲೋಕಲೈಸೇಶನ್ ವಿಭಾಗದ ಮ್ಯಾನೇಜರ್ ಆಗಿದ್ದೆ. ಹೊರದೇಶದಿಂದ ಹಡಗಿನಲ್ಲಿ ಬರುವ ಬಿಡಿಭಾಗಗಳನ್ನು ಒಂದೊಂದಾಗಿ ಇಲ್ಲಿಯ ಕಾರ್ಖಾನೆಗಳಲ್ಲಿ ಮಾಡಿಸುವುದು ಆ ವಿಭಾಗದ ಕೆಲಸ. ಡಿಪ್ಲೊಮಾ ಸರ್ಟಿಫಿಕೇಟ್ ಹಿಡಿದುಕೊಂಡು ಜಮಖಂಡಿಯಿಂದ ಬಂದು ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಳಿದ ನನಗೆ ಈ ಉದ್ಯಮದಲ್ಲಿ ಆ ಹೊತ್ತಿಗೆ ಮೂವತ್ತೇಳು ವರ್ಷ ಕಳೆದಿತ್ತು.

ಮದುವೆ, ಮುಂಜಿ, ಎಲ್ಲಿಗೆ ಹೋದರೂ ಪರಿಚಯದವರದು ಒಂದೇ ಪ್ರಶ್ನೆ: “ದೇಸಾಯರ, ನಮ್ಮ ದೇಶದ್ದ ಕಾರ್ ತಗೋಬೇಕಂತ ಮನಸ್ಸದ. ಯಾವುದು ತಗೊಳ್ಳೂಣ್ರಿ?” ಊಟದ ಎಲೆಯ ಮುಂದೆ ಈ ಪ್ರಶ್ನೆ ಬಂದರೆ ನನಗೆ ರೇಗುತ್ತಿತ್ತು. ಮೂತಿಯ ಮೇಲಿನ ಹೆಸರು ನೋಡಿ ಕಾರಿನ ಊರು ಹೇಳುವುದು ಆಗದ ಮಾತು. ನಮ್ಮವರ ಹೆಸರಿನ ಕಾರಿನೊಳಗೆ ಹೊರಗಿನ ಗೇರ್‌ಬಾಕ್ಸ್ ಇರಬಹುದು. ಹೊರಗಿನವರ ಹೆಸರಿನ ಕಾರಿನ ಬಾಗಿಲನ್ನು ಇಲ್ಲೇ ಪಕ್ಕದ ಭೋಸರಿಯ ಒಂದು ತಗಡಿನ ಶೆಡ್ಡು ಹಿಡಿದು ನಿಲ್ಲಿಸಿರಬಹುದು. ಆ ಶೆಡ್ಡಿನ ಕತೆಯನ್ನೇ ಹೇಳುತ್ತೇನೆ.

ಶೆಡ್ಡು ಶಂಕ್ರಪ್ಪನದು. ಗೋಕಾಕ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ತಗಡು ಒತ್ತುವ ನಾಲ್ಕು ಪ್ರೆಸ್ ಮಶೀನು, ಇಪ್ಪತ್ತೆರಡು ಜನ. ತಯಾರಾದ ಪ್ರತಿಯೊಂದು ಪೀಸನ್ನು ಪರೀಕ್ಷಿಸುವ ಮೇಜಿನ ಹಿಂದೆ ಅವನ ಅಕ್ಕ ಗಂಗಕ್ಕ. ಕಣ್ಣಿಗೆ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಾಯಲ್ಲಿ ಮಾತು ಕಡಿಮೆ. ತಮ್ಮ ಮಾಲೀಕನಾದರೂ ಅವರು ಬೇಡವೆಂದ ಪೀಸು ಆ ಬಾಗಿಲು ದಾಟುತ್ತಿರಲಿಲ್ಲ.

ನಮ್ಮ ಕಾರಿನ ಬಾಗಿಲಿನ ಹಿಂಜ್, ಅಂದರೆ ಬಾಗಿಲು ತಿರುಗುವ ಕೀಲು, ಮೊದಲಿನಿಂದಲೂ ಹಡಗಿನಲ್ಲೇ ಬರುತ್ತಿತ್ತು. ಅದನ್ನು ಶಂಕ್ರಪ್ಪನ ಹತ್ತಿರ ಮಾಡಿಸಲು ನನಗೆ ಎರಡು ವರ್ಷ ಹಿಡಿಯಿತು. ವಿದೇಶದ ಮುಖ್ಯ ಕಚೇರಿಯವರು ಐದು ಸಲ ಸ್ಯಾಂಪಲ್ ತಿರಸ್ಕರಿಸಿದರು, ಆರನೆಯದನ್ನು ಒಪ್ಪಿದರು. ಆ ಕೆಲಸಕ್ಕೆ ಪ್ರೆಸ್ ಬಿಡುವು ಮಾಡಲು ಶಂಕ್ರಪ್ಪ ಹಳೆಯ ಮೋಟರ್‌ಸೈಕಲ್ ಆರ್ಡರ್‌ಗಳನ್ನೆಲ್ಲ ಬಿಟ್ಟುಕೊಟ್ಟ. ಇನ್ನು ಈ ಹಿಂಜ್ ಕೈತಪ್ಪಿದರೆ ಶೆಡ್ಡಿಗೆ ಬೀಗವೇ ಗತಿ.

ದಸರೆ ಮುಗಿದು ಹತ್ತು ದಿನವಾಗಿತ್ತು. ನಮ್ಮ ಅಸೆಂಬ್ಲಿ ಲೈನಿನಲ್ಲಿ ಕಾರಿನ ಬಾಗಿಲುಗಳು ಸರಿಯಾಗಿ ಕೂರದೆ ಹೋದವು. ಮೇಲೆ ಸಂದಿ ಸಣ್ಣದು, ಕೆಳಗೆ ದೊಡ್ಡದು. ನಮ್ಮ ಅಳತೆ ಮಶೀನಿನಲ್ಲಿ ಹಿಂಜ್ ಇಟ್ಟು ನೋಡಿದರೆ ಒಂದು ತೂತು ಅರ್ಧ ಮಿಲಿಮೀಟರ್ ಸರಿದಿತ್ತು. ಹೊರದೇಶದಿಂದ ಆ ದಿನವೇ ಮೇಲ್ ಬಂತು: ಹಿಂಜನ್ನು ಮತ್ತೆ ಆಮದು ಮಾಡಿಕೊಳ್ಳುವ ಬಗ್ಗೆ ಬುಧವಾರ ವಿಡಿಯೋ ಮೀಟಿಂಗ್. ನಮ್ಮ ಪರ್ಚೇಸ್ ವಿಭಾಗದ ಮುಖ್ಯಸ್ಥೆ ಅನಘಾ ಮೇಡಂ ಮರಾಠಿಯವರು, ನೇರ ಮಾತಿನವರು. “ಬುಧವಾರದೊಳಗೆ ಕಾರಣ ತನ್ನಿ. ಇಲ್ಲದಿದ್ದರೆ ಮತ್ತೆ ಹಡಗು,” ಎಂದರು. ಅಂದು ಶುಕ್ರವಾರ.

ನಾನು ಸೀದಾ ಭೋಸರಿಗೆ ಹೋದೆ. ಶಂಕ್ರಪ್ಪನ ಮುಖ ಬಾಡಿತ್ತು. “ಸಾಹೇಬ್ರ, ಒಂದೊಂದು ಪೀಸೂ ಗೇಜಿಗೆ ಹಾಕಿ ನೋಡೇವ್ರಿ. ಎಲ್ಲಾ ಬರೋಬರಿ ಕುಂಡರ್ತಾವ,” ಎಂದ. ಗೇಜ್ ಎಂದರೆ ಪರೀಕ್ಷೆಯ ಸಾಧನ. ದಪ್ಪ ಉಕ್ಕಿನ ತಟ್ಟೆ, ಅದರ ಮೇಲೆ ಪೀಸು ಕೂರಲು ನಾಲ್ಕು ಗಿಡ್ಡ ಕಾಲು. ಪೀಸನ್ನು ಕೂರಿಸಿದ ಮೇಲೆ ಎರಡು ಪಿನ್ನುಗಳು ತೂತಿನೊಳಗೆ ಸಲೀಸಾಗಿ ಇಳಿದರೆ ಪಾಸು. ಗಂಗಕ್ಕ ನನ್ನ ಮುಂದೆಯೇ ಇಪ್ಪತ್ತು ಪೀಸು ಹಾಕಿ ತೋರಿಸಿದರು. ಇಪ್ಪತ್ತೂ ಪಾಸು. ನಾನು ಜೊತೆಗೆ ಒಯ್ದಿದ್ದ ಕೆಟ್ಟ ಪೀಸುಗಳೂ ಪಾಸು!

ಶನಿವಾರ ತಗಡು ನೋಡಿದೆವು, ಪ್ರೆಸ್ ನೋಡಿದೆವು, ತಗಡಿಗೆ ಆಕಾರ ಕೊಡುವ ಡೈ ಬಿಚ್ಚಿ ನೋಡಿದೆವು. ಡೈ ಕೆಳಗೆ ಒಂದು ತೆಳ್ಳನೆಯ ಪಟ್ಟಿ ಇತ್ತು. ಯಾಕೆ ಇಟ್ಟಿರಿ ಎಂದು ಕೇಳಿದರೆ, ಹಬ್ಬ ಮುಗಿಸಿ ಮಶೀನು ಶುರು ಮಾಡಿದ ದಿನ ಪೀಸುಗಳು ಗೇಜಿನಲ್ಲಿ ಕೂರಲಿಲ್ಲ, ಪಟ್ಟಿ ಕೊಟ್ಟ ಮೇಲೆ ಕೂತವು ಎಂದರು. ಅಂದರೆ ಹಬ್ಬದ ಮುಂಚೆ ಸರಿಯಿದ್ದ ಪೀಸನ್ನು ಗೇಜಿನ ಮಾತು ಕೇಳಿ ಇವರೇ ಕೆಡಿಸಿದ್ದರು. ನಾನು ಮಾಸ್ಟರ್ ಪೀಸ್ ತರಿಸಿದೆ. ಒಪ್ಪಿಗೆ ಸಿಕ್ಕ ದಿನ ಸೀಲು ಮಾಡಿ ಇಟ್ಟ, ಅಳತೆಯಲ್ಲಿ ಎರಡು ಮಾತಿಲ್ಲದ ಪೀಸು ಅದು. ಗೇಜಿನ ಮೇಲೆ ಇಟ್ಟರೆ ಪಿನ್ನು ಇಳಿಯಲೇ ಇಲ್ಲ.

ಗೇಜನ್ನು ಕಿಟಕಿಯ ಬೆಳಕಿಗೆ ಒಯ್ದು ಓರೆಯಾಗಿ ಹಿಡಿದೆ. ನಾಲ್ಕು ಕಾಲುಗಳಲ್ಲಿ ಒಂದರ ತಲೆಯ ಮೇಲೆ ಕಂದು ಬಣ್ಣದ ಪದರ ಗಟ್ಟಿಯಾಗಿ ಅಂಟಿತ್ತು. ಅದರ ಮೇಲೆ ಕೂತ ಯಾವ ಪೀಸೂ ಓರೆಯಾಗದೆ ಇರದು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದೆ. ಶ್ರೀಗಂಧ.

ಗಂಗಕ್ಕನ ಕೈ ಮೇಜಿನ ಮೇಲೆ ಹಾಗೇ ನಿಂತಿತು. “ಖಂಡೇನವಮಿಗೆ ನಾನ ಹಚ್ಚೇನ್ರಿ ಸಾಹೇಬ್ರ. ಹೊಸಾ ಗೇಜು, ಮೊದಲನೇ ಪೂಜಿ ಅಂತ ನಾಕೂ ಕಾಲಿಗೆ ಗಂಧ, ಕುಂಕುಮ ಹಚ್ಚಿದೆ. ಮೂರರದ್ದು ಉದುರಿ ಹೋಗ್ಯದ. ಪೂಜಿ ಗಂಧ ಕೈಲೆ ಒರಸಬಾರದಂತ ಹಂಗ ಬಿಟ್ಟೆ.”

ಆಯುಧಪೂಜೆಗೆ ಮಶೀನಿಗೂ ಸ್ಪ್ಯಾನರಿಗೂ ಗಂಧ ಹಚ್ಚುವುದನ್ನು ನಾನೂ ಬಾಲ್ಯದಿಂದ ಕಂಡವನೇ. ಕಾರಣ ಸಿಕ್ಕಿತೆಂದು ಖುಷಿಪಡಬೇಕಿದ್ದ ನಾನು, ಇದನ್ನು ವರದಿಯಲ್ಲಿ ಹೇಗೆ ಬರೆಯಲಿ ಎಂದು ಯೋಚಿಸತೊಡಗಿದೆ.

ಶಂಕ್ರಪ್ಪ ನನ್ನನ್ನು ಪಕ್ಕಕ್ಕೆ ಕರೆದ. “ಗೇಜು ಸವದದ ಅಂತ ಬರದುಬಿಡ್ರಿ. ಪೂಜಿ ಮಾಡಿ ಕೆಡಿಸಿಕೊಂಡ್ರು ಅಂತ ಆ ಫಾರಿನ್ ಮಂದಿ ನಗ್ತಾರ. ಅಕ್ಕನ ಹೆಸರು ಬ್ಯಾಡ್ರಿ.” ಸುಳ್ಳು ಹೇಳಬಾರದು, ನನಗೂ ಆ ಕ್ಷಣ ಹಾಗೆ ಬರೆದು ಕೈತೊಳೆದುಕೊಳ್ಳೋಣ ಅನ್ನಿಸಿತ್ತು. ಆದರೆ ಗಂಗಕ್ಕನಿಗೆ ಕೇಳಿಸಿಬಿಟ್ಟಿತು. “ಖರೇದ್ದ ಬರೀರಿ ಸಾಹೇಬ್ರ. ಸುಳ್ಳು ಬರದ್ರ ಬರೋ ವರ್ಷ ಮತ್ತ ಹಚ್ಚತೀನಿ ನಾ,” ಎಂದರು. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಗೇಜು ತೊಳೆದೆವು, ಡೈ ಕೆಳಗಿನ ಪಟ್ಟಿ ತೆಗೆದೆವು. ಭಾನುವಾರ ರಜೆಯಾದರೂ ಇಪ್ಪತ್ತೆರಡು ಜನರೂ ಕರೆಯದೇ ಬಂದರು. ಶೆಡ್ಡಿನಲ್ಲಿ ಮಾಡಿಟ್ಟಿದ್ದ ಎರಡು ಸಾವಿರದ ನಾನೂರು ಹಿಂಜ್‌ಗಳನ್ನು ಗಂಗಕ್ಕ ಒಂದೊಂದಾಗಿ ಮತ್ತೆ ಗೇಜಿಗೆ ಹಾಕಿದರು. ಕೆಟ್ಟವು ಒಳ್ಳೆಯವುಗಳಲ್ಲಿ ಮತ್ತೆ ಸೇರದಂತೆ ಅಲ್ಲೇ ಕತ್ತರಿಸಿ ಹಾಕಿಸಿದರು. ನಡುವೆ ಒಂದು ಸಲ ಎದ್ದು ಚಹಾ ಕುಡಿದದ್ದು ಬಿಟ್ಟರೆ ಅವರು ಕೂತ ಜಾಗ ಬಿಡಲಿಲ್ಲ.

ನಮ್ಮಲ್ಲಿ ದೋಷದ ವರದಿಗೆ ಒಂದು ಪದ್ಧತಿಯಿದೆ. ‘ಯಾಕೆ’ ಎಂದು ಐದು ಸಲ ಕೇಳುತ್ತ ಬುಡಕ್ಕೆ ಇಳಿಯಬೇಕು. ನನ್ನ ವರದಿಯ ನಾಲ್ಕನೆಯ ‘ಯಾಕೆ’ಗೆ ಉತ್ತರ ಗಂಧ, ಐದನೆಯದಕ್ಕೆ ಉತ್ತರ ಒರೆಸಬಾರದೆಂಬ ನಂಬಿಕೆ. ಅನಘಾ ಮೇಡಂ ಓದಿ ಕನ್ನಡಕ ತೆಗೆದಿಟ್ಟರು. “ಇದನ್ನೇ ಕಳಿಸುತ್ತೀರಾ?” ಎಂದು ಕೇಳಿದರು. ಇದನ್ನೇ ಎಂದೆ.

ಬುಧವಾರದ ಮೀಟಿಂಗಿನಲ್ಲಿ ಯಾರೂ ನಗಲಿಲ್ಲ. ಹೊರದೇಶದ ಕ್ವಾಲಿಟಿ ಮುಖ್ಯಸ್ಥ ಎರಡೇ ಪ್ರಶ್ನೆ ಕೇಳಿದ. ಮೊದಲನೆಯದು, ಮುಂದಿನ ವರ್ಷದಿಂದ ಪೂಜೆ ನಿಲ್ಲಿಸುತ್ತೀರಾ? “ಇಲ್ಲ,” ಎಂದೆ. ನಿಲ್ಲಿಸಿ ಎಂದರೆ ನಿಲ್ಲಿಸಿದ್ದೇವೆ ಎಂಬ ಕಾಗದ ಬರುತ್ತದೆ, ಗಂಧ ಕದ್ದುಮುಚ್ಚಿ ಬೀಳುತ್ತಲೇ ಇರುತ್ತದೆ. ಪೂಜೆ ಇನ್ನು ಗೇಜಿನ ಮರದ ಪೆಟ್ಟಿಗೆಗೆ ಆಗಲಿ, ಹಬ್ಬದ ನಂತರ ಮಾಸ್ಟರ್ ಪೀಸ್ ಕೂತ ಮೇಲೆಯೇ ಮಶೀನು ಶುರುವಾಗಲಿ ಎಂದು ವಿವರಿಸಿದೆ. ಎರಡನೆಯ ಪ್ರಶ್ನೆ, ಆ ಪರೀಕ್ಷಕಿಯನ್ನು ಬದಲಾಯಿಸುತ್ತೀರಾ?

ನನ್ನ ಧ್ವನಿ ಸ್ವಲ್ಪ ಏರಿತು. “ಅವರು ಒಪ್ಪಿಕೊಂಡದ್ದರಿಂದ ಈ ವರದಿ ಇದೆ. ಅವರನ್ನು ತೆಗೆದರೆ ಮುಂದಿನ ತಪ್ಪನ್ನು ನಮಗೆ ಯಾರೂ ಹೇಳುವುದಿಲ್ಲ. ಅವರು ಆ ಮೇಜಿನಲ್ಲೇ ಇರಬೇಕು, ಇದು ನನ್ನ ಶರತ್ತು.” ಶರತ್ತು ಹಾಕುವ ಅಧಿಕಾರ ನನಗೆ ಇರಲಿಲ್ಲ. ಅನಘಾ ಮೇಡಂ ಪಕ್ಕದಿಂದ, “ನನ್ನದೂ,” ಎಂದರು. ಮುಂದೆ ಬರುವ ಮೂರು ಲಾಟ್ ಹಿಂಜ್‌ಗಳನ್ನು ಪೂರ್ತಿ ಪರೀಕ್ಷಿಸಿ ನಿರ್ಧರಿಸುತ್ತೇವೆ ಎಂಬ ಉತ್ತರ ಬಂತು. ಮೂರು ಲಾಟಿನಲ್ಲೂ ಒಂದು ಪೀಸು ತಪ್ಪಲಿಲ್ಲ. ಹಡಗಿನ ಮಾತು ಅಲ್ಲಿಗೆ ನಿಂತಿತು.

ನಾನು ನಿವೃತ್ತನಾಗುವ ತಿಂಗಳು ಶಂಕ್ರಪ್ಪ ಅದೇ ಕಾರು ಕೊಂಡ. ಬೀಗರೆಲ್ಲ “ಫಾರಿನ್ ಗಾಡಿ ತಗೊಂಡ” ಎಂದು ಕಾಡಿಸಿದರಂತೆ. ಡೆಲಿವರಿ ದಿನ ನನ್ನನ್ನೂ ಶೋರೂಮಿಗೆ ಕರೆದಿದ್ದ. ಗಂಗಕ್ಕ ಬಣ್ಣ ನೋಡಲಿಲ್ಲ, ಮೂತಿಯ ಮೇಲಿನ ಹೆಸರು ನೋಡಲಿಲ್ಲ. ನಾಲ್ಕೂ ಬಾಗಿಲು ತೆಗೆದು ಹಾಕಿ, ಬಗ್ಗಿ, ಸಂದಿಯ ಮೇಲೆ ಬೆರಳಾಡಿಸಿದರು.

ದೇಶೀ ಕಾರು ಯಾವುದು ಎಂದು ಕೇಳುವವರಿಗೆ ಈಗ ನಾನು ರೇಗುವುದಿಲ್ಲ. ಅದರ ಒಳಗೆ ನಮ್ಮವರು ಮಾಡಿದ್ದು ಎಷ್ಟಿದೆ ವಿಚಾರಿಸಿ, ತಪ್ಪಾದರೆ ನನ್ನದು ಎನ್ನುವವರು ಮಾಡಿದ್ದು ಎಷ್ಟಿದೆ ಎಂದೂ ವಿಚಾರಿಸಿ ಎನ್ನುತ್ತೇನೆ. ನೌಕರಿ ನನಗೆ ಕಲಿಸಿದ್ದು ಇಷ್ಟೇ.

ಅಂದು ಶೋರೂಮಿನ ಹುಡುಗಿ ಪೂಜೆಯ ತಟ್ಟೆ ತಂದು, ಗಂಧದಲ್ಲಿ ಬೆರಳದ್ದಿ, ತೆರೆದ ಬಾಗಿಲಿನ ಕಡೆ ಕೈ ಚಾಚಿದಳು. ಗಂಗಕ್ಕ ಅವಳ ಮಣಿಕಟ್ಟು ಹಿಡಿದರು. “ಬಾನೆಟ್ಟಿಗೆ ಎಷ್ಟ ಬೇಕಾದ್ರೂ ಹಚ್ಚವಾ. ಹಿಂಜಿಗೆ ಬ್ಯಾಡ.”