ಮಂಡಕ್ಕಿ ಭಟ್ಟಿಗೆ ಹಾಕಿದ ಮೂರು ಚಿತ್ರಗಳು

ನನ್ನ ತಮ್ಮನಿಗೆ ಮಾತಿರಲಿಲ್ಲ. ಕಿವಿ ಚೆನ್ನಾಗಿತ್ತು, ಬೀದಿಯ ಆ ತುದಿಯಲ್ಲಿ ಐಸ್‌ಕ್ಯಾಂಡಿ ಸೈಕಲ್ಲಿನ ಗಂಟೆ ಕೇಳಿದರೆ ಹೊಸ್ತಿಲಿಗೆ ಓಡುತ್ತಿದ್ದ. ಆದರೆ ಹೆಸರು ಹಿಡಿದು ಹತ್ತು ಸಲ ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಏನಾದರೂ ಬೇಕಾದರೆ ನನ್ನ ಮುಂಗೈ ಹಿಡಿದು ಎಳೆದುಕೊಂಡು ಹೋಗಿ, ನನ್ನ ಕೈಯನ್ನೇ ಇಕ್ಕಳದ ಹಾಗೆ ಆ ಸಾಮಾನಿನ ಮೇಲೆ ಇಡುತ್ತಿದ್ದ. ಬಿಂದಿಗೆಯ ಮೇಲಿಟ್ಟರೆ ನೀರು, ಅಗುಳಿಯ ಮೇಲಿಟ್ಟರೆ ಹೊರಗೆ. ಕೆಲವು ಸಲ ಬರೀ ಗೋಡೆಯ ಮೇಲೆ ಇಡುತ್ತಿದ್ದ. ಅದು ಏನೆಂದು ನನಗೆ ಮಾತ್ರ ಗೊತ್ತಾಗುತ್ತಿತ್ತು. ಈಗ ಇದಕ್ಕೆ ಆಟಿಸಂ ಎನ್ನುತ್ತಾರಂತೆ. ಎಪ್ಪತ್ತರ ದಶಕದಲ್ಲಿ ಸಂತೇಬೆನ್ನೂರಿನ ನಮ್ಮ ಬೀದಿಯವರು ಗಾಳಿ ಸೋಕಿದೆ ಎನ್ನುತ್ತಿದ್ದರು.

ನಮ್ಮದು ಮಂಡಕ್ಕಿ ಭಟ್ಟಿ. ಅವ್ವ ಬೆಳಿಗ್ಗೆಯಿಂದ ಕಾದ ಮರಳಿನ ಮುಂದೆ ಕೂತಿರುತ್ತಿದ್ದಳು, ಸಂತೆ ದಿನ ಮಾರಲು ಹೋಗುತ್ತಿದ್ದಳು. ಬೆಂಕಿಯ ಹತ್ತಿರ ಅವನನ್ನು ಬಿಡುವಂತಿರಲಿಲ್ಲ. ಹಾಗಾಗಿ ನಾಲ್ಕನೇ ಕ್ಲಾಸಿಗೆ ನನ್ನ ಶಾಲೆ ಮುಗಿಯಿತು. ನಲ್ಲಿಯ ಹತ್ತಿರ ಹೆಂಗಸರು, "ಏನೇ, ನಿನ್ನ ತಮ್ಮ ಯಾವಾಗ ಭಾಷಣ ಮಾಡ್ತಾನೆ?" ಎಂದರೆ, "ನಿಮ್ಮ ಬಾಯಿಗೆ ಬೀಗ ಬಿದ್ದ ದಿವ್ಸ" ಎನ್ನುತ್ತಿದ್ದೆ.

ಅವನಿಗೆ ಆರು ವರ್ಷವಾದಾಗ ಚನ್ನಗಿರಿ ಆಸ್ಪತ್ರೆಯಿಂದ ಒಬ್ಬರು ನರ್ಸಮ್ಮ ನಮ್ಮ ಬೀದಿಗೆ ಬರತೊಡಗಿದರು, ಕೂಸುಗಳಿಗೆ ಇಂಜೆಕ್ಷನ್ ಕೊಡಲು. ನನ್ನ ಕೈ ಹಿಡಿದು ಎಳೆಯುವ ತಮ್ಮನನ್ನು ಬಹಳ ಹೊತ್ತು ನೋಡಿದರು.

"ಇವ ಮಾತಾಡ್ತಾನೆ ಕಣ್ರೀ, ನಿಮ್ಮ ಮಗಳ ಕೈಯಾಗೆ. ನಾಳೆ ಇವಳು ಲಗ್ನ ಆಗಿ ಹೋದ್ಮ್ಯಾಲೆ ಯಾರ ಕೈ ಹಿಡೀತಾನೆ?" ಎಂದು ಅವ್ವನನ್ನು ಕೇಳಿದರು.

ಅವರು ತಮ್ಮನ ಹೆಸರು, ವಯಸ್ಸು ಒಂದು ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ಸಲ ಬಂದಾಗ ಅಂಗೈಯಗಲದ ಮೂರು ರಟ್ಟು ತಂದರು. ಬಿಳಿ ಹಾಳೆ ಅಂಟಿಸಿ ಮೇಲೆ ಬಣ್ಣದಲ್ಲಿ ಬರೆದಿದ್ದರು: ಒಂದರಲ್ಲಿ ನೀರಿನ ಲೋಟ, ಒಂದರಲ್ಲಿ ಬಾಗಿಲು, ಒಂದರಲ್ಲಿ ಬಟ್ಟಲು ತುಂಬ ಮಂಡಕ್ಕಿ.

"ಕೈ ಎಳದ್ರೆ ಹೋಗಬ್ಯಾಡ. ಚಿತ್ರ ತಂದು ಕೊಟ್ರೆ ಮಾತ್ರ ಕೊಡು," ಎಂದು ನನಗೆ ಹೇಳಿದರು. "ಒಂದು ವಾರ ಕಡೀತಾನೆ, ಅಳ್ತಾನೆ. ಗಟ್ಟಿಯಾಗಿರು."

ಒಂದು ವಾರವಲ್ಲ, ಎರಡು ವಾರ ಕಚ್ಚಿದ. ಆಮೇಲೆ ಒಂದು ಮಧ್ಯಾಹ್ನ ಲೋಟದ ಚಿತ್ರ ಎತ್ತಿಕೊಂಡು, ನನ್ನನ್ನು ದಾಟಿ ಹೋಗಿ, ಭಟ್ಟಿಯ ಮುಂದಿದ್ದ ಅವ್ವನ ತೊಡೆಯ ಮೇಲೆ ಇಟ್ಟ. ಅವ್ವ ಸೌಟು ಬಿಟ್ಟು ಎದ್ದಳು. "ನೋಡೇ, ನನ್ನ ಕೇಳಿದ! ನನ್ನ ಕೇಳಿದ ಕಣೇ!" ಎಂದು ನಗುತ್ತ ಅಳುತ್ತ ನೀರು ತಂದಳು. ಅಷ್ಟರಲ್ಲಿ ಬಾಣಲೆಯಲ್ಲಿದ್ದ ಒಂದು ಒಬ್ಬೆ ಮಂಡಕ್ಕಿ ಕರಕಲಾಯಿತು. ನಾನು ಅದನ್ನು ಜರಡಿ ಹಿಡಿದು ಚೆಲ್ಲಿದೆ. ನನಗೆ ಖುಷಿಯಾಗಲಿಲ್ಲ.

ಅದು ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹಿಡಿದೊಯ್ಯುವ ಜೀಪುಗಳ ಕಾಲ. ಜೀಪು ಬಂತು ಎಂದರೆ ಊರ ಗಂಡಸರೆಲ್ಲ ಜೋಳದ ಹೊಲಕ್ಕೆ ಓಡುತ್ತಿದ್ದರು. "ನಮ್ಮೂರ ಹೊಲಕ್ಕೆ ಇಷ್ಟು ಕಾವಲು ಯಾವತ್ತೂ ಇರ್ಲಿಲ್ಲ," ಎಂದು ಹೆಂಗಸರು ನಗುತ್ತಿದ್ದರು, ಆದರೆ ನಗುತ್ತಲೇ ರಸ್ತೆಯ ಕಡೆ ನೋಡುತ್ತಿದ್ದರು. ಆಸ್ಪತ್ರೆಯವರು ಯಾರೇ ಬಂದರೂ ಮೊದಲು ಅವರ ಚೀಲ ನೋಡುವುದು, ಆಮೇಲೆ ಮುಖ.

ಬಾಗಿಲಿನ ಚಿತ್ರವಿದ್ದ ರಟ್ಟಿನ ಮೂಲೆಯನ್ನು ತಮ್ಮ ಚೀಪಿ ಚೀಪಿ ಅಂಟು ಬಿಟ್ಟಿತ್ತು. ಹಾಳೆ ಎದ್ದ ಕಡೆ ಒಳಗೆ ಏನೋ ಕೆಂಪು ಕಂಡಿತು. ಎಳೆದು ನೋಡಿದೆ. ತಲೆಕೆಳಗಾದ ಕೆಂಪು ತ್ರಿಕೋನ. ಜೀಪಿನ ಮೇಲೆ, ಆಸ್ಪತ್ರೆ ಗೋಡೆಯ ಮೇಲೆ ಇದ್ದ ಕುಟುಂಬ ಯೋಜನೆಯ ಗುರುತು ಅದೇ. ಉಳಿದೆರಡನ್ನೂ ಕಿತ್ತೆ. ಅವುಗಳಲ್ಲೂ ಅದರದೇ ತುಂಡುಗಳು.

ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ಆಕೆ ಮುಟ್ಟಲೂ ಇಲ್ಲ. "ಅಯ್ಯೋ ಹುಚ್ಚಿ, ಮೊದ್ಲು ಆಟದ ಸಾಮಾನು ಕೊಡ್ತಾರೆ. ಆಮ್ಯಾಲೆ ಹೆಸರು ಬರಕೊಂತಾರೆ. ಆಮ್ಯಾಲೆ ಜೀಪು. ಮಾತು ಬರದ ಹುಡುಗ, ಹಿಡಕೊಂಡು ಹೋದ್ರೂ ಯಾರಿಗೆ ಹೇಳ್ತಾನೆ?"

ಹೆಸರು ಆಗಲೇ ಬರೆದುಕೊಂಡಿದ್ದರು. ನಾನು ಮೂರನ್ನೂ ಭಟ್ಟಿಯ ಬಾಯಿಗೆ ಹಾಕಿ, ಮೇಲೆ ಹೊಟ್ಟು ಸುರಿದೆ.

ನರ್ಸಮ್ಮ ಮತ್ತೆ ಬಂದದ್ದು ಸಂತೆ ದಿನ, ಅವ್ವ ಮನೆಯಲ್ಲಿರಲಿಲ್ಲ. ಬೀದಿಯಲ್ಲಿ ಅವರ ಕೊಡೆ ಕಂಡ ಕೂಡಲೇ ತಮ್ಮನನ್ನು ಭತ್ತದ ಕೋಣೆಗೆ ತಳ್ಳಿ ಚಿಲಕ ಹಾಕಿದೆ.

"ತಮ್ಮ ಎಲ್ಲಿ?"

"ಜಗಳೂರಿಗೆ ಕಳಿಸೀವಿ ರೀ, ದೊಡ್ಡಮ್ಮನ ಮನೆಗೆ."

"ಯಾವಾಗ ಬರ್ತಾನೆ?"

"ಬರಾದಿಲ್ಲ ರೀ. ಅಲ್ಲೇ ಇರ್ತಾನೆ."

ಒಳಗಿನಿಂದ ಬಾಗಿಲಿಗೆ ದಬ್ ಎಂದು ಬಡಿದ ಸದ್ದು.

"ಒಳಗೆ ಯಾರು?"

"ಬೆಕ್ಕು ರೀ."

ಇನ್ನೆರಡು ಸಲ ಬಡಿಯಿತು. ಅವರು ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿ ಹೊಸದೊಂದು ರಟ್ಟಿತ್ತು: ಕಿವಿಯ ಮೇಲೆ ಕೈಯಿಟ್ಟು ಅಳುವ ಹುಡುಗ. "ಇದು ನೋವಿನದು. ಎಲ್ಲಿ ನೋವು ಅಂತ ಇಂಥ ಮಕ್ಕಳಿಗೆ ಹೇಳಾಕೆ ಬರಲ್ಲ, ಅದಕ್ಕೆ ತಂದಿದ್ದೆ," ಎಂದರು. ನಾನು ಕೈ ಚಾಚಲಿಲ್ಲ. ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಚಿತ್ರಗಳು ಎಲ್ಲಿ ಎಂದು ಅವ್ವ ಕೇಳಿದಾಗ ನರ್ಸಮ್ಮನೇ ತಗೊಂಡು ಹೋದರು ಎಂದೆ. ಮತ್ತೆ ತಂದುಕೊಟ್ಟಾರೆಂದು ಮೂರು ಸಂತೆ ಕಾದಳು. "ಸರ್ಕಾರದೋರು ಅಷ್ಟೇ," ಎಂದು ಕಾಯುವುದು ಬಿಟ್ಟಳು. ತಮ್ಮ ಮಾತ್ರ ಎಷ್ಟೋ ದಿನ ಬೆರಳುಗಳ ನಡುವೆ ಏನೋ ಹಿಡಿದವನ ಹಾಗೆ ಬಂದು, ಆ ಇಲ್ಲದ್ದನ್ನು ಅವ್ವನ ತೊಡೆಯ ಮೇಲೆ ಇಡುತ್ತಿದ್ದ. "ಏನಪ್ಪಾ? ಏನು?" ಎನ್ನುತ್ತಿದ್ದಳು ಅವ್ವ. ನಾನು ನೋಡಿಯೂ ನೋಡದಂತಿದ್ದೆ. ಕೊನೆಗೆ ಮತ್ತೆ ನನ್ನ ಮುಂಗೈ ಹಿಡಿದ.

ತ್ರಿಕೋನಕ್ಕೆ ಹೆದರಿದ್ದು ನಿಜ. ಆದರೆ ಹೆದರಿಕೆ ನಾಲ್ಕು ದಿನದ್ದು. ಜೀಪುಗಳು ನಿಂತವು, ಅಜ್ಜಿಯೂ ಆ ಮಾತು ಮರೆತಳು. ಆಮೇಲೂ ನಾನು ಬಾಯಿ ಬಿಡಲಿಲ್ಲ. ಶಾಲೆ ಬಿಟ್ಟು ನಾನು ಗಳಿಸಿದ್ದು ಒಂದೇ, ಅವನ ಮಾತು ನನಗೊಬ್ಬಳಿಗೆ ತಿಳಿಯುವುದು. ಅದನ್ನು ಮೂರು ರಟ್ಟಿನ ತುಂಡು ಊರಿಗೆಲ್ಲ ಹಂಚಿಬಿಡುತ್ತವೆ ಎಂದು ನನಗೆ ಅವತ್ತೇ ಗೊತ್ತಾಗಿತ್ತು, ಅವ್ವ ಸೌಟು ಬಿಟ್ಟು ಎದ್ದ ಹೊತ್ತಿಗೆ.

ಎಂಬತ್ತರ ದಶಕದ ಮೊದಲಲ್ಲಿ ನನ್ನನ್ನು ನ್ಯಾಮತಿ ಹತ್ತಿರದ ಗೋವಿನಕೋವಿಗೆ ಕೊಟ್ಟರು. ಅವ್ವ ಹೊನ್ನಾಳಿಗೆ ಬರುವವರ ಕೈಲಿ ಹೇಳಿ ಕಳಿಸುತ್ತಿದ್ದಳು: ಊಟ ಬಿಟ್ಟಾನೆ, ಯಾಕಂತೆ ಕೇಳು. ಕೇಳುವುದಕ್ಕೆ ನಾನಲ್ಲಿ ಇರಬೇಕಲ್ಲ. ಒಂದು ಸಲ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ, ಬೇಗ ಬಾ ಎಂದು ಸುದ್ದಿ ಬಂತು. ಅತ್ತೆ, "ದಿನಾ ಇದೇ ಆತಲ್ಲ ನಿಮ್ಮ ತವರಿನದು," ಎಂದರು. ನಾನು ಹೊರಡುವಾಗ ನಾಲ್ಕು ದಿನ ಕಳೆದಿತ್ತು. ಮನೆಯಲ್ಲಿ ಅವನ ಸುತ್ತ ರೊಟ್ಟಿ, ಬೆಲ್ಲ, ನೀರು, ಕಂಬಳಿ, ಎಲ್ಲ ಇತ್ತು. ಅವ್ವನಿಗೆ ತೋಚಿದ್ದನ್ನೆಲ್ಲ ತಂದಿಟ್ಟಿದ್ದಳು. ಅವನು ನನ್ನ ಕೈ ಎಳೆದು ಎಡಗಿವಿಯ ಮೇಲೆ ಇಟ್ಟುಕೊಂಡ. ಕೈಗೆ ಕೀವು ಹತ್ತಿತು.

ಚನ್ನಗಿರಿಯಲ್ಲಿ ಡಾಕ್ಟರು, ಆ ಕಿವಿ ಇನ್ನು ಕೇಳಿಸುವುದಿಲ್ಲ ಎಂದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಅವ್ವನಿಗೆ ಎಲ್ಲ ಹೇಳಿದೆ. ಬೆಕ್ಕಿನ ಮಾತನ್ನೂ ಹೇಳಿದೆ. ಅವ್ವ ಎದ್ದು ಹೋಗಿ ಚೀಟಿ ಬರೆಯುವ ಆಯಮ್ಮನನ್ನು ಕೇಳಿದಳು, ಚಿತ್ರ ಕೊಡುವ ನರ್ಸಮ್ಮ ಎಲ್ಲಿ ಎಂದು.

"ಅವರಾ? ವರ್ಗ ಆಗಿ ಯಾವ ಕಾಲ ಆತು. ಚಿತ್ರದ ಸ್ಕೀಮು ಇಲ್ಲಿ ಇರ್ಲೇ ಇಲ್ಲಮ್ಮ. ಹಳೇ ಆಪರೇಷನ್ ಪೋಸ್ಟರಿನ ರಟ್ಟು ಇಸ್ಕೊಂಡು ಹೋಗೋರು, ಮನೇಲಿ ಕೂತು ತಾವೇ ಬರೆಯೋರು."

ಬಸ್ಸಿನಲ್ಲಿ ಅವ್ವ ಒಂದು ಕಡೆ ತಮ್ಮನನ್ನು ಕೂರಿಸಿಕೊಂಡು, ಇನ್ನೊಂದು ಕಡೆ ತನ್ನ ಚೀಲ ಇಟ್ಟಳು. ನಾನು ಸಂತೇಬೆನ್ನೂರಿನವರೆಗೆ ನಿಂತೇ ಬಂದೆ.

ಸಂಜೆ ತಮ್ಮ ನನ್ನನ್ನು ಎಳೆದುಕೊಂಡು ಹೋಗಿ ನನ್ನ ಕೈಯನ್ನು ಬರೀ ಗೋಡೆಯ ಮೇಲೆ ಇಟ್ಟ. "ಅವ್ವಾ, ಅವನಿಗೆ ಹೊರಗೆ ಹೋಗಬೇಕಂತೆ," ಎಂದೆ.

ಅವ್ವ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. "ಅದನ್ನ ಅವ ಹೇಳಿದ್ನಾ, ನೀನ್ ಹೇಳ್ತೀಯಾ?"