ನೆತ್ತಿಗೆ ಹತ್ತಿದ ಹಾಲು

ಆಗ ನಮ್ಮ ಶಕ್ತಿನಗರದಲ್ಲಿ ಮನೆಗಳಿಗಿಂತ ತೆಂಗಿನಮರಗಳೇ ಹೆಚ್ಚು. ಈಗ ನಮ್ಮ ಹಿತ್ತಿಲಿದ್ದ ಜಾಗದಲ್ಲಿ ಲಿಫ್ಟ್ ಇರುವ ಕಟ್ಟಡ ಉಂಟು. ಅದರ ಮೂರನೇ ಮಾಳಿಗೆಯಲ್ಲಿ ನಾನೇ ಇದ್ದೇನೆ, ಹಾಗಾಗಿ ದೂರುವ ಹಕ್ಕು ನನಗಿಲ್ಲ. ಬೇಸಗೆ ರಜೆ ಅಂದರೆ ನನಗೆ ಮೊದಲು ನೆನಪಾಗುವುದು ವಾಸನೆ. ಮರದಡಿ ಬಿದ್ದು ಹುಳಿಯಾದ ಗೇರುಹಣ್ಣಿನದ್ದು, ಚಾಪೆಯ ಮೇಲೆ ಒಣಗುತ್ತಿದ್ದ ಹಲಸಿನ ಹಪ್ಪಳದ್ದು. ಉಳಿದ ಮಕ್ಕಳು ಲಗೋರಿ ಆಡುವಾಗ ನಾನು ಹಪ್ಪಳ ಕಾಯಬೇಕು. ಕಾಗೆಗಿಂತ ಅಳಿಲಿನ ಕಾಟ ಜಾಸ್ತಿ. ತುಳುವಿನಲ್ಲಿ ಅದಕ್ಕೆ ಚಣಿಲ್ ಅನ್ನುತ್ತೇವೆ. ಈ ಚಣಿಲಿಗೆ ಮಾನ ಮರ್ಯಾದೆ ಇಲ್ಲ ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಬೈಯುತ್ತಿದ್ದರು. ಆಮೇಲೆ ಮುರಿದ ಹಪ್ಪಳವನ್ನು ತಾವೇ ಅದಕ್ಕೆ ಇಡುತ್ತಿದ್ದರು.

ಮನೆಯಲ್ಲಿ ಇದ್ದದ್ದು ನಾನು, ಅಜ್ಜಿ ಇಬ್ಬರೇ. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ಫೋಟೋ ಆಗಿದ್ದರು. ಅಮ್ಮ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ಹೋಗಿ ಎಂಟು ತಿಂಗಳಾಗಿತ್ತು. ಶುಕ್ರವಾರ ಮಧ್ಯಾಹ್ನ ಫೋನ್ ಬರುತ್ತಿತ್ತು. ವಾರದ ಬಾಕಿ ಆರು ದಿನಕ್ಕೆ ನನ್ನದೇ ಒಂದು ಉಪಾಯ ಇತ್ತು.

ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ಅಜ್ಜಿ ನನ್ನ ತಲೆ ತಟ್ಟಿ, ಅಮ್ಮ ನೆನಸಿಕೊಳ್ತಾ ಇದ್ದಾಳೆ ಅನ್ನುತ್ತಿದ್ದರು. ಎಲ್ಲರ ಮನೆಯಲ್ಲೂ ಹೇಳುವ ಮಾತೇ. ಆದರೆ ಮಾರಾಯ್ರೆ, ನಾನು ಅದನ್ನು ಟೆಲಿಫೋನಿನಷ್ಟೇ ನಂಬಿದ್ದೆ. ಬೇಕೆಂದೇ ಗಬಗಬ ಗಂಜಿ ಸುರಿದುಕೊಂಡು ಕೆಮ್ಮುತ್ತಿದ್ದೆ. ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. ನೀರು ಕುಡಿದರೆ ಅಮ್ಮನ ನೆನಪು ಅಲ್ಲಿಗೇ ಕಡಿದುಹೋಗುತ್ತದೆ ಎಂದು ನನ್ನ ನಂಬಿಕೆ. ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರೆ ಆ ದಿನ ಖುಷಿ.

ಮಳೆಗೆ ಮೊದಲು ತೆಂಗಿನಮರದ ತಲೆ ಬಿಡಿಸುವ ಕ್ರಮ ಉಂಟಲ್ಲ, ಅದಕ್ಕೆ ಬಂದ ಬಾಬಣ್ಣ ಒಣಗಿದ ಗರಿಯ ಮಡಲು ಕಡಿಯುವಾಗ ನಾರಿನ ಗೂಡೊಂದು ಕೆಳಗೆ ಬಿತ್ತು. ಒಳಗೆ ಎರಡು ಚಣಿಲ್ ಮರಿ. ಕಣ್ಣು ಬಿಟ್ಟಿರಲಿಲ್ಲ, ಬೆನ್ನ ಮೇಲೆ ಗೀಟು ಮಾತ್ರ ಮೂಡಿತ್ತು. ಬುಟ್ಟಿಯಲ್ಲಿ ಹಾಕಿ ಮರದ ಬುಡದಲ್ಲೇ ಸಂಜೆಯವರೆಗೆ ಇಟ್ಟೆವು. ತಾಯಿ ಕಾಂಡದ ಮೇಲೆ ಹತ್ತಿ ಇಳಿದು ಚಿರಚಿರ ಕೂಗುತ್ತಿತ್ತು, ಆದರೆ ಕಂಪೌಂಡಿನ ಮೇಲೆ ಪಕ್ಕದ ಮನೆಯ ಬೆಕ್ಕು ಕೂತಿತ್ತು. ಕೊನೆಗೆ ಅಜ್ಜಿಯೇ ಬುಟ್ಟಿಯನ್ನು ಒಳಗೆ ತಂದರು.

ಒಂದಕ್ಕೆ ಪುಟ್ಟ, ಇನ್ನೊಂದಕ್ಕೆ ಚುಕ್ಕಿ ಎಂದು ಹೆಸರಿಟ್ಟೆ. ಅಜ್ಜಿ ಕಾಲು ಚಾಚಿ ಅಕ್ಕಪಕ್ಕದ ಮನೆಯ ಶಿಶುಗಳನ್ನು ಅಂಗಾತ ಮಲಗಿಸಿ ಒಳಲೆಯಲ್ಲಿ ಹಾಲು ಕುಡಿಸುವುದನ್ನು ನೋಡಿದ್ದೆ. ನಾನೂ ಹಾಗೇ ಕಾಲು ಚಾಚಿದೆ. ಅಂಗೈಯಲ್ಲಿ ಮರಿಯನ್ನು ಅಂಗಾತ ಮಲಗಿಸಿ, ಶಾಯಿ ಹಾಕುವ ಫಿಲ್ಲರ್‌ನಲ್ಲಿ ದನದ ಹಾಲು ಬಿಟ್ಟೆ. ಚುಕ್ಕಿಗೆ ಆಸೆ ಹೆಚ್ಚು. ಎರಡು ಗುಟುಕಿಗೆ ಅದರ ಮೂಗಿನಿಂದ ಹಾಲಿನ ಗುಳ್ಳೆ ಬಂತು, ಚಿಟಿಕೆಯಷ್ಟು ಸೀನಿತು. ಅಜ್ಜಿ ಕಿರುಬೆರಳಲ್ಲಿ ಅದರ ನೆತ್ತಿ ತಟ್ಟಿ, ತಾಯಿ ನೆನಸಿಕೊಳ್ತದೆ ಪಾಪ ಅಂದರು.

ಅಷ್ಟು ಸಾಕಾಯಿತು ನನಗೆ. ಆಮೇಲೆ ಚುಕ್ಕಿಗೇ ಹೆಚ್ಚು ಹಾಲು ಕೊಟ್ಟೆ. ಸೀನಿದಷ್ಟೂ ಕೊಟ್ಟೆ. ಹೊಟ್ಟೆಕಿಚ್ಚೂ ಇತ್ತೆಂದು ಕಾಣುತ್ತದೆ, ಇದರ ತಾಯಿಗೆ ಎಷ್ಟೊಂದು ನೆನಪು ಎಂದು.

ಶುಕ್ರವಾರ ಫೋನಿನಲ್ಲಿ ಇದನ್ನೇ ಅಮ್ಮನಿಗೆ ಹೆಮ್ಮೆಯಿಂದ ಹೇಳಿದೆ. ಅಮ್ಮ, ಹೇಗೆ ಹಿಡಿದು ಕುಡಿಸ್ತೀ ಎಂದು ಕೇಳಿದಳು. ಮರಿಯನ್ನು ಕಿವಿಗೆ ಹಿಡಿದು ಎಂತ ಕೇಳ್ತದೆ ಹೇಳು ಅಂದಳು. ಹಿಡಿದೆ. ಒಂದೊಂದು ಉಸಿರಿಗೂ ಪೆನ್ನು ಒತ್ತಿದ ಹಾಗೆ ಟಿಕ್, ಟಿಕ್. ಪುಟ್ಟನಲ್ಲೂ ಇತ್ತು, ಸಣ್ಣಕ್ಕೆ.

"ಮಗಾ, ಅದು ನೆನಪಲ್ಲ. ಹಾಲು ಶ್ವಾಸಕೋಶಕ್ಕೆ ಹೋಗಿದೆ. ಇನ್ನು ಒಂದು ಹನಿ ಹಾಲೂ ಕೊಡಬೇಡ."

"ಹಾಗಾದ್ರೆ ನನಗೆ ನೆತ್ತಿಗೆ ಹತ್ತುವಾಗ ನೀನು ನೆನಸುವುದಿಲ್ವಾ?"

ಅಷ್ಟರಲ್ಲಿ ಅವಳ ಫೋನ್ ಕಾರ್ಡ್ ಮುಗಿದು ಲೈನ್ ಕಟ್ ಆಯಿತು.

ಅಜ್ಜಿ ಹಳೇ ಸೀರೆಯ ತುಂಡಿನಲ್ಲಿ ಮರಿಗಳನ್ನು ಸುತ್ತಿ, ಆಟೋ ಮಾಡಿ ಕೊಟ್ಟಾರದ ಹತ್ತಿರ ಇದ್ದ ಒಬ್ಬರು ಪ್ರಾಣಿ ಡಾಕ್ಟ್ರ ಬಳಿ ಕರೆದುಕೊಂಡು ಹೋದರು. ಅವರ ಸ್ಟೆತೊಸ್ಕೋಪಿನ ಬಿಲ್ಲೆಯ ಅಡಿಯಲ್ಲಿ ಮರಿಯೇ ಮುಚ್ಚಿಹೋಯಿತು. ನ್ಯುಮೋನಿಯಾ ಅಂದರು. ಹನಿ ಔಷಧಿ ಕೊಟ್ಟು, ಬೆಚ್ಚಗೆ ಕತ್ತಲಲ್ಲಿ ಇಡಿ, ಹಾಲಿನ ಬದಲು ಸದ್ಯಕ್ಕೆ ಓಆರ್‌ಎಸ್ ನೀರು ಕೊಡಿ ಅಂದರು. ಸೂಜಿ ಇಲ್ಲದ ಸಣ್ಣ ಸಿರಿಂಜಿನಲ್ಲಿ ಹೇಗೆ ಕೊಡುವುದೆಂದು ನನ್ನ ಕೈ ಹಿಡಿದು ತೋರಿಸಿದರು. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ, ಒಂದು ಹನಿ, ಅದು ನುಂಗಿದ ಮೇಲೆ ಇನ್ನೊಂದು ಹನಿ. ಬಚ್ಚಲಿನ ಹಂಡೆಯ ಹಬೆ ತುಂಬಿದಲ್ಲಿ ಬುಟ್ಟಿ ಹಿಡಿದು ಕೂತರೂ ಒಳ್ಳೆಯದು ಅಂದರು. ಎರಡು ದಿನ ನಾನು ಸೌದೆಹೊಗೆ, ಸೀಗೆಪುಡಿಯ ವಾಸನೆಯ ನಡುವೆ ಬೆವರಿಳಿಸುತ್ತಾ ಅಲ್ಲೇ ಕೂತಿದ್ದೆ.

ಎರಡನೇ ದಿನ ಬೆಳಿಗ್ಗೆ ಚುಕ್ಕಿ ಬಾಯಿ ತೆರೆದು ಉಸಿರೆಳೆಯಿತು. ನನ್ನ ಅಂಗೈಯಲ್ಲೇ ನಿಂತುಹೋಯಿತು. ಅಬ್ಬಲಿಗೆ ಗಿಡದ ಬುಡದಲ್ಲಿ ಅದನ್ನು ಹೂತು, ನಾನೇ ಕೊಂದೆ ಎಂದು ಅಳುತ್ತಾ ಕೂತೆ. ಅಜ್ಜಿ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತು, "ನೀನೊಬ್ಬಳೇ ಅಲ್ಲ ಮಗಾ, ನೆತ್ತಿ ತಟ್ಟಿದ್ದು ನಾನು" ಅಂದರು.

ಅದೇ ದಿನ ಮಧ್ಯಾಹ್ನ ಫೋನ್ ಬಂತು, ಶುಕ್ರವಾರ ಅಲ್ಲದಿದ್ದರೂ. ಅಮ್ಮ ಯಾರದ್ದೋ ಕಾರ್ಡ್ ತೆಗೆದುಕೊಂಡಿದ್ದಳು. ಚುಕ್ಕಿ ಹೋದದ್ದು ಕೇಳಿ, ಪುಟ್ಟನ ಉಸಿರು ಕೇಳಿಸು ಅಂದಳು, ರಿಸೀವರ್ ಹತ್ತಿರ ಹಿಡಿದೆ. ಆಮೇಲೆ ಹೇಳಿದಳು:

"ನಿನಗೆ ಕೆಮ್ಮು ಬಂದಾಗ ಮಾತ್ರ ನೆನಸಿದ್ರೆ ನನಗೆ ಸಾಕಾಗ್ತದಾ ಮಗಾ? ಮೆಲ್ಲ ಉಣ್ಣು. ನೀನು ಕೆಮ್ಮದೆ ಉಂಡರೂ ನಾನು ನೆನಸ್ತೇನೆ."

ಪುಟ್ಟನ ಟಿಕ್ ಟಿಕ್ ನಿಲ್ಲಲು ಹತ್ತು ದಿನ ಬೇಕಾಯಿತು. ಕಣ್ಣು ಬಿಟ್ಟಿತು, ನನ್ನ ಜಡೆ ಹತ್ತಿತು, ಅಜ್ಜಿಯ ಎಲೆಯಡಿಕೆಯ ತಟ್ಟೆ ಮಗುಚಿತು. ಜೋರು ಮಳೆ ಹಿಡಿದು, ಮಧ್ಯೆ ಬಿಸಿಲು ಬಿದ್ದ ಒಂದು ದಿನ ಹಲಸಿನ ಮರ ಹತ್ತಿದ್ದು ರಾತ್ರಿಗೆ ವಾಪಸು ಬರಲಿಲ್ಲ. ಮುಂದಿನ ಬೇಸಗೆಗೆ ಹಪ್ಪಳ ಕದಿಯಲು ಬಂದ ಚಣಿಲ್‌ಗಳಲ್ಲಿ ಅದು ಯಾವುದೆಂದು ಗೊತ್ತಾಗದೆ ನಾನು ಯಾವುದನ್ನೂ ಓಡಿಸಲಿಲ್ಲ.

ಅಮ್ಮ ಹೇಳಿದ ಮೇಲೆ ನಾನು ಮೆಲ್ಲ ಉಣ್ಣಲು ಕಲಿತೆ. ಈಗ ಹಲಸಿನ ಮರ ಇಲ್ಲ, ಹಿತ್ತಿಲಿಲ್ಲ, ನೆತ್ತಿ ತಟ್ಟುವ ಅಜ್ಜಿ ಇಲ್ಲ. ಹೋದ ಮಳೆಗಾಲದಲ್ಲಿ ಅಮ್ಮನೂ ಹೋದಳು. ಹಾಲು, ನೀರು ಶ್ವಾಸಕ್ಕೆ ಹೋದರೆ ಎಂತ ಆಗುತ್ತದೆ ಎಂದು ನನ್ನಷ್ಟು ಚೆನ್ನಾಗಿ ಗೊತ್ತಿರುವವರು ಈ ಕಟ್ಟಡದಲ್ಲಿ ಯಾರೂ ಇರಲಿಕ್ಕಿಲ್ಲ. ಆದರೂ ಒಬ್ಬಳೇ ಗಂಜಿ ಉಣ್ಣುವಾಗ ಎಂದಾದರೂ ನೆತ್ತಿಗೆ ಹತ್ತಿದರೆ, ನೀರಿನ ಲೋಟ ಪಕ್ಕದಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ನಾನು ಅದನ್ನು ಮುಟ್ಟುವುದಿಲ್ಲ.