ಮೆಣಸಿನ ಕಣಕ್ಕೊಂದು ಲೋಟ ಗಂಜಿತಿಳಿ

ಪೆರಿಕಲ್ಲೂರಿನ ಶಿವಮಲ್ಲಪ್ಪನವರಿಗೆ ಎಪ್ಪತ್ತೊಂಬತ್ತು. ಕಾಳುಮೆಣಸು ಒಣಗಿದೆಯೋ ಇಲ್ಲವೋ ಎಂಬುದನ್ನು ಅವರು ಕಿವಿಯಿಂದ ತಿಳಿಯುತ್ತಾರೆ. ಹಿಡಿಯಷ್ಟು ತೆಗೆದು ಕುಲುಕಿದರೆ ಹಸಿ ಕಾಳಿನ ಸದ್ದು ಮಂಕು. ಒಣಗಿದ್ದು ಕಿಲಿಕಿಲಿ ಎನ್ನುತ್ತದೆ. ಬತ್ತೇರಿಯ ವ್ಯಾಪಾರಿಯೊಬ್ಬನ ತೇವಾಂಶ ಅಳೆಯುವ ಯಂತ್ರ ಈ ಕಿವಿಯನ್ನು ಸುಳ್ಳಾಗಿಸಿದ್ದು ಎರಡೇ ಸಲ. ಎರಡು ಸಲವೂ ಯಂತ್ರವೇ ಕೆಟ್ಟಿತ್ತು ಎಂಬುದು ಅವರ ವಾದ, ಪರೀಕ್ಷಿಸಿ ನೋಡಿದವರಿಲ್ಲ.

ಅವರದೊಂದು ಕಟ್ಟುನಿಟ್ಟೂ ಇತ್ತು. ಮೆಣಸು ಕಣದಲ್ಲಿರುವಷ್ಟು ಹೊತ್ತು ನೀರು ಮುಟ್ಟುತ್ತಿರಲಿಲ್ಲ. ಒದ್ದೆ ಕೈ ತಗುಲಿದರೆ ಕಾಳಿಗೆ ಬೂಷ್ಟು ಹಿಡಿಯುತ್ತದೆಂದು ಅವರ ತಂದೆ ಕಲಿಸಿದ್ದರು. ಮಾತು ನಿಜವೇ. ಆದರೆ ಅರುವತ್ತು ವರ್ಷಗಳಲ್ಲಿ ಆ ನಿಯಮ ಕೈಯಿಂದ ಗಂಟಲಿಗೆ ಹತ್ತಿತ್ತು. ಬೆಳಗಿನ ಹಾಲಿಲ್ಲದ ಕಟ್ಟನ್ ಕಾಪಿಯ ಬಳಿಕ ಸಂಜೆಯವರೆಗೆ ಹನಿ ನೀರೂ ಇಲ್ಲ. ಪ್ರಾಯದಲ್ಲಿ ಹೇಗೋ ನಡೆಯಿತು. ವಯಸ್ಸಾದ ಮೈಗೆ ನೀರು ಬೇಕಾದರೂ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಈ ಮಾರ್ಚಿನ ಒಂದು ಮಧ್ಯಾಹ್ನ, ಕಾಲಿನಿಂದ ಕಾಳು ಹರವುತ್ತಿದ್ದವರು ಕಣದಲ್ಲೇ ಕುಸಿದು ಕುಳಿತರು.

ಹನ್ನೊಂದರಿಂದ ಮೂರರವರೆಗೆ ಬಿಸಿಲು ಬೇಡ, ನೀರು ಬೇಕೇಬೇಕು ಎಂದರು ಡಾಕ್ಟರು. ಮರುದಿನ ಸೊಸೆ ಲತಾಮಣಿ ತಾನೇ ಕಣಕ್ಕಿಳಿದಳು.

"ನನ್ನ ಕಣ ಕಿತ್ಕೊಂಡ್ಯಲ್ಲವ್ವ," ಎಂದರು ಶಿವಮಲ್ಲಪ್ಪ. ಮನೆಯವರು ದುಡಿಯುವಾಗ ಸುಮ್ಮನೆ ಕೂರುವ ಮುದುಕನಾಗುವುದು ಅವರಿಗೆ ತಲೆ ಸುತ್ತುವುದಕ್ಕಿಂತ ದೊಡ್ಡ ಭಯ.

"ಕಣ ನಿಮ್ದೇ ಮಾವ. ಈ ವೆಯಿಲಲ್ಲಿ, ಸುಡೋ ಬಿಸ್ಲಲ್ಲಿ ನಿಲ್ಲೋದು ಮಾತ್ರ ನಂದು."

"ಮೆಣಸಿನ ವಿಷ್ಯ ನಿಂಗೇನು ಗೊತ್ತು? ಸಾರಿಗೆ ಹಾಕದು ಗೊತ್ತು."

"ಅದಕ್ಕೇ ನೀವು ಬೇಕು. ಸದ್ದು ಕೇಳಕ್ಕೆ ಬಿಸ್ಲಲ್ಲೇ ನಿಲ್ಬೇಕಾ?"

ಹಲಸಿನ ನೆರಳಿಗೆ ಕುರ್ಚಿ ಹಾಕಿ ಮಾವನನ್ನು ಕೂರಿಸಿದಳು. ಬೇರೆ ಬೇರೆ ದಿನ ಹರವಿದ ರಾಶಿಗಳಿಂದ ಹಿಡಿಯಷ್ಟು ತಂದು, ಅವರ ಬೆನ್ನ ಹಿಂದೆ ಸ್ಟೀಲ್ ಡಬ್ಬಿಯಲ್ಲಿ ಕುಲುಕಿದಳು.

"ನಿನ್ನೇದು," ಎಂದರು ಅವರು. ಮುಂದಿನದಕ್ಕೆ, "ಇದು ನಾಕು ದಿವ್ಸದ್ದು."

ಮೂರನೆಯದಕ್ಕೆ ನಕ್ಕರು. "ಕಳ್ಳಿ, ಮೊದ್ಲಿಂದನ್ನೇ ತಿರ್ಗಾ ತಂದಿದ್ದೀಯ."

ಹಾಗೆಯೇ ಮಾಡಿದ್ದಳು.

ಈಗ ಲತಾಮಣಿ ಗಂಟೆಗೊಮ್ಮೆ ನೆರಳಿಗೆ ಡಬ್ಬಿ ತರುತ್ತಾಳೆ. ಜೊತೆಗೆ ಚಿಟಿಕೆ ಉಪ್ಪು ಬೆರೆಸಿದ ಗಂಜಿತಿಳಿಯ ಲೋಟ. ಕಾಳು ಮುಟ್ಟುವ ಕೈ ಅವಳದು, ಕುಡಿಯುವ ಬಾಯಿ ಅವರದು. ತಂದೆಯ ಮಾತು ಎಲ್ಲೂ ಮುರಿಯಲಿಲ್ಲ.

ನಿನ್ನೆ ಮಾತ್ರ ಲೋಟ ಹಾಗೇ ಉಳಿದಿತ್ತು. ಡಬ್ಬಿಯ ಸದ್ದು ಕೇಳಿದ ಶಿವಮಲ್ಲಪ್ಪ, "ಒಣಗೈತೆ, ಚೀಲಕ್ಕೆ ತುಂಬು," ಎಂದರು.

ಲತಾಮಣಿ ಕದಲಲಿಲ್ಲ. ತುಂಬಿದ ಲೋಟಕ್ಕೆ ಉಗುರಿನಿಂದ ತಟ್ಟಿದಳು. ಮಂಕು ಸದ್ದು ಬಂತು.

"ಇದಿನ್ನೂ ಹಸಿ, ಮಾವ."

ಅವರು ಅವಳನ್ನೇ ನೋಡಿ, ಗಟಗಟನೆ ಕುಡಿದು ಮುಗಿಸಿ, ಬರಿದಾದ ಲೋಟವನ್ನು ತಾವೇ ತಟ್ಟಿದರು. ಟಣ್ ಎಂದಿತು.

ಆಗ ಅವಳು ಚೀಲ ಬಿಚ್ಚಿದಳು.